ಬೀಟಿಗೆ ಯಾವ ಸೈಕಲ್? ಎರಡು ತರದ್ದನ್ನೂ ತುಳಿದವನ ಅನುಭವ

ಚಿಕ್ಕಮಗಳೂರಿನಲ್ಲಿ ಕಾನ್ಸ್‌ಟೇಬಲ್ ಆಗಿ ಸೇರಿದಾಗ ರಾತ್ರಿ ಬೀಟಿಗೆ, ಅಂದರೆ ಗಸ್ತಿಗೆ, ನನ್ನದೇ ಸೈಕಲ್. 28 ಇಂಚಿನ ಚಕ್ರ, ರಾಡ್ ಬ್ರೇಕು, ಡೈನಮೊ, ಹಿಂದೆ ಕ್ಯಾರಿಯರ್. ತೂಕ ಹೆಚ್ಚುಕಮ್ಮಿ 20 ಕಿಲೋ. ಲಾಠಿಯನ್ನು ಸೈಕಲ್ಲಿನ ಮೇಲಿನ ಕಂಬಿಗೆ ಹಳೇ ಟ್ಯೂಬಿನ ಚೂರಿನಿಂದ ಬಿಗಿದರೆ ಅಲ್ಲಾಡುತ್ತಿರಲಿಲ್ಲ. ನೆಟ್ಟಗೆ ಕೂತು ತುಳಿಯುವುದರಿಂದ ಎರಡೂ ಕಡೆಯ ಅಂಗಡಿ ಬೀಗಗಳು ಕಣ್ಣಿಗೆ ಬೀಳುತ್ತಿದ್ದವು. ಪಾಯಿಂಟ್, ಅಂದರೆ ಬೀಟ್ ಬುಕ್ಕಿಗೆ ಸಹಿ ಹಾಕುವ ಜಾಗ, ಬಂದಾಗ ಡಬಲ್ ಸ್ಟ್ಯಾಂಡ್ ಹಾಕಿ ಸೀಟಿನ ಮೇಲೇ ಬುಕ್ ಇಟ್ಟು ಸಹಿ ಮಾಡಿದರಾಯಿತು.

ಕಷ್ಟ ಇದ್ದದ್ದು ಮಳೆಗಾಲದಲ್ಲಿ. ಆ ಸೈಕಲ್ಲಿನ ರಿಮ್ಮು ಹೊಳೆಯುವ ಸ್ಟೀಲು, ಅದರ ಮೇಲೆ ನೀರು ಕೂತರೆ ಬ್ರೇಕಿನ ರಬ್ಬರ್ ಜಾರುತ್ತದೆ. ನಮ್ಮೂರ ಜುಲೈ ಮಳೆ ಗೊತ್ತಲ್ವಾ? ಒಂದು ರಾತ್ರಿ ರತ್ನಗಿರಿ ಬೋರೆ ಕಡೆಯಿಂದ ಇಳಿಯುವಾಗ ಎರಡೂ ಬ್ರೇಕು ಹಿಡಿದರೂ ನಿಲ್ಲಲಿಲ್ಲ, ಬೂಟು ನೆಲಕ್ಕೆ ಉಜ್ಜಿ ಉಜ್ಜಿ ಕೊನೆಗೆ ಚರಂಡಿ ಪಕ್ಕದ ಮಣ್ಣಿಗೆ ನುಗ್ಗಿಸಿ ನಿಲ್ಲಿಸಿದೆ. ಡೈನಮೊ ಇನ್ನೊಂದು ತಮಾಷೆ. ಚಕ್ರ ತಿರುಗಿದರೆ ಮಾತ್ರ ಬೆಳಕು. ಸಂದಿಯಲ್ಲಿ ಏನೋ ಸದ್ದಾಯಿತು ಅಂತ ನಿಂತರೆ ಕತ್ತಲೆ! ಆಮೇಲೆ ಟಾರ್ಚನ್ನೇ ಹ್ಯಾಂಡಲ್ಲಿಗೆ ಕಟ್ಟಿಕೊಂಡೆ.

ಎಷ್ಟೋ ವರ್ಷ ಆದಮೇಲೆ ಗೇರ್ ಸೈಕಲ್ ಕೈಗೆ ಬಂತು. 26 ಇಂಚು, 21 ಗೇರು, ಡಿಸ್ಕ್ ಬ್ರೇಕು. ಹೊರಗಿನ ಪೊಲೀಸರು ಮೊದಲೇ ಈ ದಾರಿ ಹಿಡಿದಿದ್ದರು. ಅಮೆರಿಕಾದ ಸಿಯಾಟಲ್‌ನಲ್ಲಿ 1987ರಲ್ಲಿ ಬಸ್ ಸುರಂಗ ಅಗೆಯುವಾಗ ಪೇಟೆ ಒಳಗೆ ಕಾರು ನುಗ್ಗದೆ ಇಬ್ಬರು ಪೊಲೀಸರು ಮೌಂಟನ್ ಬೈಕ್ ಹತ್ತಿದರಂತೆ. ಸಂಜೆ ಹೊತ್ತು ನಮ್ಮ ಎಂ.ಜಿ. ರಸ್ತೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಡಿಸ್ಕ್ ಬ್ರೇಕಂತೂ ಮಳೆಯಲ್ಲೂ ಹಿಡಿಯುತ್ತದೆ, ಅದೊಂದಕ್ಕೇ ನಾನು ಹೊಸದರ ಕಡೆ.

ಆದರೆ ಅಂಗಡಿಯಿಂದ ಬಂದ ಹಾಗೇ ಬೀಟಿಗೆ ತಂದರೆ ಕೆಟ್ಟಿರಿ. ಮಡ್‌ಗಾರ್ಡ್ ಇಲ್ಲ, ಸ್ಟ್ಯಾಂಡ್ ಇಲ್ಲ, ಕ್ಯಾರಿಯರ್ ಇಲ್ಲ. ಮೊದಲ ದಿನವೇ ಖಾಕಿ ಬೆನ್ನ ಮೇಲೆ ಕೆಸರಿನ ಉದ್ದ ಗೆರೆ ಎದ್ದು ಠಾಣೆಯವರೆಲ್ಲ ನಕ್ಕರು. ಮೂರನ್ನೂ ಹಾಕಿಸಿದೆ. ದೊಡ್ಡ ಉಬ್ಬುಗಳಿದ್ದ ಟೈರು ಟಾರಿನ ಮೇಲೆ ಗುಂಯ್ ಅನ್ನುತ್ತಿತ್ತು, ತೆಗೆಸಿ ನುಣ್ಣನೆಯದು ಹಾಕಿಸಿದೆ. ಇನ್ನು ಆ ಟಿಕ್ ಟಿಕ್ ಸದ್ದು. ಪೆಡಲ್ ಬಿಟ್ಟ ತಕ್ಷಣ ಹಿಂದಿನ ಚಕ್ರದ ಫ್ರೀವೀಲ್ ಕೂಗುತ್ತದೆ, ರಾತ್ರಿ 2 ಗಂಟೆಗೆ ಅದು ಬೀದಿ ಕೊನೆಯವರೆಗೂ ಕೇಳುತ್ತದೆ. ಸದ್ದು ಮಾಡದ ಹಬ್ (ಚಕ್ರದ ನಡುವಿನ ಭಾಗ) ಹೊರದೇಶದ ಪೊಲೀಸ್ ಸೈಕಲ್‌ಗಳಿಗೆ ಸಿಗುತ್ತದೆ, ನನಗೆಲ್ಲಿ ಬರಬೇಕು? ಸಂದಿಗೆ ತಿರುಗುವ ಮುಂಚೆ ಸಣ್ಣ ಗೇರಿಗೆ ಹಾಕಿ ಸುಮ್ನೆ ನಿಧಾನಕ್ಕೆ ತುಳಿಯುತ್ತಲೇ ಇರುತ್ತಿದ್ದೆ. ನಾಯಿಗಳಿಗೆ ಮಾತ್ರ ಇದಾವುದೂ ಲೆಕ್ಕಕ್ಕಿಲ್ಲ.

ಸೀಟಿನ ವಿಷಯ ಒಂದು. ಸೈಕಲ್ ಓಟದವರು ಎತ್ತರಕ್ಕೆ ಇಟ್ಟುಕೊಳ್ಳುತ್ತಾರೆ, ತುಳಿಯಲು ಅದೇ ಸರಿ. ಬೀಟಿನಲ್ಲಿ ಒಂದೆರಡು ಇಂಚು ಇಳಿಸಿ, ಕೂತಲ್ಲೇ ಕಾಲು ನೆಲಕ್ಕೆ ಸಿಗಬೇಕು, ಇಳಿದು ಓಡುವುದೇ ಜಾಸ್ತಿ. ಮಂಡಿ ಸ್ವಲ್ಪ ನೋಯುತ್ತದೆ, ನೋಯಲಿ.