ಎಲ್ಮ್: ಒಂದು ಸ್ವಿಸ್ ಹಳ್ಳಿಯ ಚರಿತ್ರೆಯನ್ನು ಕಲ್ಲಿನ ಕಡೆಯಿಂದ ಬರೆದದ್ದು

ಶಿವಮೊಗ್ಗ ಜಿಲ್ಲೆಯ ಹೈಸ್ಕೂಲೊಂದರಲ್ಲಿ ಭೂಗೋಳ ಕಲಿಸುವ ನನ್ನ ಭಾವ ಮೂರು ವರ್ಷಗಳ ಹಿಂದೆ ನನಗೊಂದು ಕೆಲಸ ಹಚ್ಚಿದರು. ಸ್ವಿಟ್ಜರ್ಲೆಂಡಿನ ಯಾವುದಾದರೂ ಒಂದು ಸಣ್ಣ ಹಳ್ಳಿಯ ಭೂಗೋಳವನ್ನೂ ಚರಿತ್ರೆಯನ್ನೂ ತಮ್ಮ ವಿದ್ಯಾರ್ಥಿಗಳು ಓದುವಂತೆ ಹತ್ತು ಪುಟಗಳಲ್ಲಿ ಬರೆದುಕೊಡಬೇಕು, ಆದರೆ ಅದು ಪ್ರವಾಸಕಥನವಾಗಬಾರದು ಎಂಬುದು ಅವರ ಷರತ್ತು. ಜ್ಯೂರಿಕ್‌ನಲ್ಲಿ ಹನ್ನೆರಡು ವರ್ಷಗಳಿಂದ ನೆಲೆಸಿರುವ ನಾನು ಗ್ಲಾರುಸ್ ಪ್ರಾಂತ್ಯದ ಎಲ್ಮ್ ಎಂಬ ಹಳ್ಳಿಯನ್ನು ಆರಿಸಿಕೊಂಡೆ. ಅದಕ್ಕೆ ಘನವಾದ ಕಾರಣವೇನೂ ಇರಲಿಲ್ಲ. ರಜೆಯ ದಿನ ಬೆಳಗ್ಗೆ ಹೊರಟು ರಾತ್ರಿ ಊಟದ ಹೊತ್ತಿಗೆ ಮನೆಗೆ ಮರಳಬಹುದಾದಷ್ಟು ದೂರದಲ್ಲಿ ಆ ಹಳ್ಳಿಯಿತ್ತು.

ಮೊದಲ ಕರಡು ಕೆಟ್ಟಿತು. ಸ್ಥಾನ, ಎತ್ತರ, ಜನಸಂಖ್ಯೆ, ಧರ್ಮ, ಕಸುಬು ಎಂದು ವಿಶ್ವಕೋಶದ ಕ್ರಮದಲ್ಲಿ ಜೋಡಿಸಿದ ನಾಲ್ಕು ಪುಟಗಳನ್ನು ಓದಿದಾಗ, ಅದರಲ್ಲಿ ಎಲ್ಮ್ ಎಂಬ ಹೆಸರನ್ನು ಅಳಿಸಿ ಬೇರೆ ಯಾವ ಆಲ್ಪ್ಸ್ ಹಳ್ಳಿಯ ಹೆಸರನ್ನು ಹಾಕಿದರೂ ನಡೆಯುತ್ತದೆ ಎಂದು ನನಗೇ ಅನ್ನಿಸಿತು. ಪುಸ್ತಕಗಳನ್ನು ಪಕ್ಕಕ್ಕಿಟ್ಟು, ಊರಿನಲ್ಲಿ ಒಂದೇ ಕಡೆ ನಿಂತು ಕಾಣುವುದನ್ನು ಮೊದಲು ಬರೆಯೋಣ ಎಂದು ನಿರ್ಧರಿಸಿದೆ. ನಿಂತದ್ದು ಚರ್ಚಿನ ಅಂಗಳದಲ್ಲಿ.

ಅಲ್ಲಿಂದ ಕಾಣುವುದು ಹೀಗಿದೆ. ಸಮುದ್ರಮಟ್ಟದಿಂದ ಸುಮಾರು 980 ಮೀಟರ್ ಎತ್ತರದಲ್ಲಿ ಸೆರ್ನ್‌ಫ್ ಎಂಬ ಹೊಳೆಯ ಕಿರಿದಾದ ಕಣಿವೆ ಇದೆ. ಶ್ವಾಂಡೆನ್‌ನಲ್ಲಿ ಲಿಂತ್ ನದಿಯನ್ನು ಸೇರುವ ಈ ಹೊಳೆಯ ಗುಂಟ ಮೇಲೇರಿ ಬರುವ ಬಸ್ಸಿನ ದಾರಿಗೆ ಎಲ್ಮ್ ಕೊನೆಯ ಊರು. ಮೂರು ಕಡೆಯೂ ಗೋಡೆಯಂತೆ ನಿಂತ ಬೆಟ್ಟಗಳಲ್ಲಿ ಹೌಸ್‌ಸ್ಟಾಕ್ ಶಿಖರ 3,158 ಮೀಟರ್ ಎತ್ತರವಿದೆ. ದಕ್ಷಿಣಕ್ಕೆ ದಾಟಬೇಕೆಂದರೆ 2,407 ಮೀಟರ್ ಎತ್ತರದ ಪಾನಿಕ್ಸ್ ಘಾಟಿಯನ್ನೋ 2,627 ಮೀಟರ್ ಎತ್ತರದ ಸೆಗ್ನೆಸ್ ಘಾಟಿಯನ್ನೋ ಕಾಲ್ನಡಿಗೆಯಲ್ಲಿ ಹತ್ತಬೇಕು. ಇವು ನಮ್ಮ ಆಗುಂಬೆಯಂತೆ ಬಸ್ಸು ಓಡುವ ಘಾಟಿಗಳಲ್ಲ. 1905ರಿಂದ 1969ರವರೆಗೆ ಶ್ವಾಂಡೆನ್‌ನಿಂದ ಇಲ್ಲಿಗೆ ಒಂದು ಪುಟ್ಟ ವಿದ್ಯುತ್ ರೈಲು ಬರುತ್ತಿತ್ತು.

ಊರಿನ ತುಸು ಕೆಳಗೆ, ಹೊಳೆಯ ಆಚೀಚೆ ಹರಡಿರುವ ಹುಲ್ಲುಗಾವಲನ್ನು ನೋಡಿದ ನಾನು ಅದನ್ನು ಹೊಳೆ ತಂದು ಹಾಕಿದ ಮೆಕ್ಕಲು ನೆಲವೆಂದು ಯಾವ ಅನುಮಾನವೂ ಇಲ್ಲದೆ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಅಲ್ಲಿ ಹುಲ್ಲು ಒಟ್ಟುತ್ತಿದ್ದ ವೃದ್ಧ ರೈತರೊಬ್ಬರು ನನ್ನ ಗೀಚುನಕಾಶೆಯನ್ನು ನೋಡಿ ಏನೂ ಹೇಳದೆ, ಕಣಿವೆಯ ಆಚೆ ಬದಿಯ ಬೆಟ್ಟದಲ್ಲಿರುವ ಬೋಳು ಕೆರೆತವನ್ನು ಕೈಯಿಂದ ತೋರಿಸಿ, ಆಮೇಲೆ ಅದೇ ಕೈಯನ್ನು ನಿಧಾನವಾಗಿ ನಾವು ನಿಂತ ನೆಲದವರೆಗೆ ಇಳಿಸಿದರು. ನಾವು ನಿಂತಿದ್ದದ್ದು ಬೆಟ್ಟದ ಮೇಲೆಯೇ, ಕೆಳಕ್ಕೆ ಬಂದು ಬಿದ್ದ ಬೆಟ್ಟದ ಮೇಲೆ. ಆ ದಿನದ ನಂತರ ನಾನು ನಕಾಶೆಯಿಲ್ಲದೆ ಅಲ್ಲಿಗೆ ಹೋಗಲಿಲ್ಲ. ಸ್ವಿಸ್ ಒಕ್ಕೂಟದ ಭೂಮಾಪನ ಕಚೇರಿ ಹತ್ತೊಂಬತ್ತನೆಯ ಶತಮಾನದ ಡುಫೂರ್ ಮತ್ತು ಸೀಗ್‌ಫ್ರೀಡ್ ನಕಾಶೆಗಳಿಂದ ಮೊದಲ್ಗೊಂಡು ಇಂದಿನವರೆಗಿನ ಹಾಳೆಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಒಂದೇ ಜಾಗವನ್ನು ದಶಕ ದಶಕವಾಗಿ ಹಿಂದಕ್ಕೆ ಸರಿಸಿ ನೋಡುವ ಈ ಅನುಕೂಲ ಹಳ್ಳಿಯ ಚರಿತ್ರೆ ಬರೆಯುವವರಿಗೆ ದೊಡ್ಡ ಆಸರೆ.

ನನ್ನ ಬರಹದ ನಡುಗಂಬವಾದದ್ದು ಆ ಬೆಟ್ಟ ಜರಿದ ದಿನ, 1881ರ ಸೆಪ್ಟೆಂಬರ್ 11ರ ಭಾನುವಾರ. ಆದರೆ ಅದರ ಕಾರಣವನ್ನು ಬರೆಯಲು ಶಾಲೆಗಳಿಂದ ಆರಂಭಿಸಬೇಕಾಯಿತು. ಯುರೋಪಿನಲ್ಲಿ ಶಿಕ್ಷಣ ಕಡ್ಡಾಯವಾಗುತ್ತಿದ್ದ ಕಾಲವದು. ಸ್ವಿಟ್ಜರ್ಲೆಂಡಿನ 1874ರ ಸಂವಿಧಾನವೂ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಿತು. ಮಕ್ಕಳು ಹೆಚ್ಚಿದಂತೆ ಪಾಟಿಗೆ ಬೇಡಿಕೆ ಹೆಚ್ಚಿತು, ಪಾಟಿಯ ಕಲ್ಲು ಈ ಕಣಿವೆಯ ಬೆಟ್ಟಗಳಲ್ಲಿತ್ತು. ಎಲ್ಮ್‌ನಲ್ಲಿ 1868ರ ಸುಮಾರಿಗೆ ಗಣಿ ಆರಂಭವಾಯಿತು. ಪಾಟಿಕಲ್ಲಿನ ಪದರ ಬೆಟ್ಟದ ಒಳಕ್ಕೆ ವಾಲಿಕೊಂಡಿದ್ದುದರಿಂದ ಅದನ್ನು ಬೆನ್ನಟ್ಟಿ ಬುಡವನ್ನೇ ಕೊರೆಯುತ್ತಾ ಹೋದರು. ಕೆಲಸಕ್ಕಿಳಿದವರಲ್ಲಿ ಗಣಿಯ ಅನುಭವವಿದ್ದವರು ಇರಲಿಲ್ಲವೆನ್ನಬಹುದು, ಬಹುಪಾಲು ದನ ಸಾಕುವ ಮನೆಗಳವರೇ. ಹೀಗೆ ಸುಮಾರು 180 ಮೀಟರ್ ಅಗಲಕ್ಕೆ, 60 ಮೀಟರ್ ಆಳಕ್ಕೆ ಬೆಟ್ಟದ ಕಾಲು ಟೊಳ್ಳಾಯಿತು. ಮೇಲ್ಗಡೆ ಬಿರುಕು ಬಿಟ್ಟದ್ದು ಕೆಲವು ವರ್ಷ ಮೊದಲೇ ಜನರ ಕಣ್ಣಿಗೆ ಬಿದ್ದಿತ್ತು. ದುರಂತದ ಹಿಂದಿನ ದಿನ ಬಂದು ಪರಿಶೀಲಿಸಿದ ತಂಡವು ಗಣಿ ಕೆಲಸ ನಿಲ್ಲಲಿ, ಆದರೆ ತತ್‌ಕ್ಷಣದ ಅಪಾಯವಿಲ್ಲ ಎಂಬ ತೀರ್ಮಾನಕ್ಕೆ ಬಂದಿತ್ತು.

ಭಾನುವಾರ ಸಂಜೆ ಅರ್ಧ ಗಂಟೆಯೊಳಗೆ ಬೆಟ್ಟ ಮೂರು ಸಲ ಜರಿಯಿತು. ಮೊದಲ ಜರಿತವನ್ನು ಕಂಡು ಕೆಲವರು ನೋಡಲು ನಿಂತರು, ಕೆಲವರು ಹತ್ತಿರದ ಮನೆಗಳವರಿಗೆ ಸಾಮಾನು ಸಾಗಿಸಲು ನೆರವಾದರು, ಇನ್ನು ಕೆಲವರು ಎದುರು ಬದಿಯ ಡ್ಯೂನಿಬೆರ್ಗ್ ಇಳಿಜಾರಿನ ಮೇಲೆ ಹತ್ತಿದರು. ಮೂರನೆಯ ಜರಿತದಲ್ಲಿ ಸುಮಾರು 1 ಕೋಟಿ ಘನಮೀಟರಿನಷ್ಟು ಬಂಡೆ ಕಳಚಿ ಬಿದ್ದು, ಕಣಿವೆಯನ್ನು ದಾಟಿ, ಸುರಕ್ಷಿತವೆಂದು ಜನ ಏರಿದ್ದ ಅದೇ ಡ್ಯೂನಿಬೆರ್ಗ್ ಇಳಿಜಾರನ್ನು ತಾನೂ ಏರಿ, ಅಲ್ಲಿಂದ ತಿರುಗಿ, ಪ್ರವಾಹದಂತೆ ಕಣಿವೆಯ ಗುಂಟ ಕೆಳಕ್ಕೆ ಸಾಗಿ ಉಂಟರ್‌ಟಾಲ್ ಎಂಬ ಕೇರಿಯನ್ನು ಮುಚ್ಚಿತು. ಇದಕ್ಕೆ ಹಿಡಿದ ಹೊತ್ತು ಒಂದು ನಿಮಿಷಕ್ಕಿಂತ ಕಡಿಮೆ. ಭೂವಿಜ್ಞಾನಿ ಆಲ್ಬರ್ಟ್ ಹೈಮ್ ಬದುಕುಳಿದವರ ಹೇಳಿಕೆಗಳನ್ನು ಸಂಗ್ರಹಿಸಿ, ಎರ್ನ್‌ಸ್ಟ್ ಬುಸ್ ಅವರ ಜೊತೆಗೂಡಿ ಅದೇ ವರ್ಷ ವರದಿ ಪ್ರಕಟಿಸಿದರು. ಒಣಗಿದ ಬಂಡೆಯ ರಾಶಿ ನೀರಿನಂತೆ ಹರಿಯಬಲ್ಲದು ಎಂಬ ವಿಚಾರ ಭೂವಿಜ್ಞಾನದಲ್ಲಿ ಬೇರೂರಿದ್ದರಲ್ಲಿ ಎಲ್ಮ್‌ನ ಪಾಲು ದೊಡ್ಡದು. ಸತ್ತವರ ಸಂಖ್ಯೆಯನ್ನು ಕೆಲವು ಗ್ರಂಥಗಳು 114 ಎನ್ನುತ್ತವೆ, ಹೆಚ್ಚಿನವು 115 ಎನ್ನುತ್ತವೆ. ಒಂದನ್ನು ಆರಿಸಿ ಅಚ್ಚುಕಟ್ಟಾಗಿಸುವ ಆಸೆಯನ್ನು ತಡೆದು ನಾನು ಎರಡನ್ನೂ ಬರೆದೆ.

ಪಾಟಿ ತಯಾರಾಗುವ ಬಗೆಯನ್ನು ಬರೆಯಲು ನಾನು ಎಲ್ಮ್‌ನಲ್ಲಿ ಉಳಿಸಿಕೊಂಡಿರುವ ಹಳೆಯ ಪಾಟಿ ಕಾರ್ಖಾನೆಗೆ ಹೋದೆ. ಕರಿಯ ಹಲಗೆಯೊಂದನ್ನು ಬೆರಳ ಗಿಣ್ಣಿನಿಂದ ತಟ್ಟಿದರೆ, ಒಳಗೆ ಸೀಳಿಲ್ಲದ ಕಲ್ಲು ಕಂಚಿನಂತೆ ಕಣಗುಟ್ಟುತ್ತದೆ, ಸೀಳಿದ್ದರೆ ಮಡಕೆಯಂತೆ ಬೊದ್ದಾಗಿ ಸದ್ದು ಮಾಡುತ್ತದೆ. ಅಗಲ ಉಳಿಯಿಂದ ಪದರ ಬಿಡಿಸಿ, ಕೆರೆದು ನಯಮಾಡಿ, ಗೆರೆ ಕೊರೆದು, ಮರದ ಚೌಕಟ್ಟು ಕೂಡಿಸುತ್ತಿದ್ದರು. ಕೈಯಲ್ಲಿ ಹಿಡಿದಾಗ, ಒಂದನೇ ಇಯತ್ತೆಯಲ್ಲಿ ಬಳಪದಿಂದ ಬರೆದು ಎಂಜಲು ಹಚ್ಚಿ ಒರೆಸಿದ ನನ್ನ ಪಾಟಿಯ ತಂಪೇ ಬೆರಳಿಗೆ ಬಂತು.

ಈ ಕಲ್ಲಿನ ಮೇಲೆ ಹೊದಿಸಿಕೊಂಡಿರುವ ಇನ್ನೊಂದು ಕಲ್ಲಿನ ಕಥೆ ಹೇಳದೆ ಎಲ್ಮ್‌ನ ಭೂಗೋಳ ಪೂರ್ತಿಯಾಗುವುದಿಲ್ಲ. ಚಿಂಗೆಲ್‌ಹೋರ್ನರ್ ಶಿಖರಸಾಲಿನ ಅಡ್ಡಕ್ಕೆ ದಾರ ಹಿಡಿದು ಎಳೆದಂತಹ ಒಂದು ಗೆರೆಯಿದೆ. ಗೆರೆಯ ಮೇಲಿನ ಬಂಡೆ 25 ಕೋಟಿ ವರ್ಷಕ್ಕೂ ಹಳೆಯದು, ಬೆಟ್ಟದ ಕೆಳಭಾಗದ ಬಂಡೆ ಹೆಚ್ಚೆಂದರೆ 5 ಕೋಟಿ ವರ್ಷದ್ದು. ಆಲ್ಪ್ಸ್ ಎದ್ದು ನಿಲ್ಲುವಾಗ ಹಳೆಯ ಬಂಡೆಯ ಹಾಳೆ ಹೊಸದರ ಮೇಲೆ ಜಾರಿ ಬಂದು ಕೂತದ್ದರ ಗುರುತು ಅದು. 1884ರಲ್ಲಿ ಫ್ರೆಂಚ್ ವಿಜ್ಞಾನಿ ಮಾರ್ಸೆಲ್ ಬರ್ತ್ರಾಂ ಕೊಟ್ಟ ಈ ವಿವರಣೆಯೇ ಕೊನೆಗೆ ನಿಂತಿತು. 2008ರಲ್ಲಿ ಯುನೆಸ್ಕೊ ಈ ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ಸಾಲಿನಲ್ಲಿ ಮಾರ್ಟಿನ್ಸ್‌ಲೋಖ್ ಎಂಬ ತೂತಿದೆ. ಕುರಿ ಕದಿಯಲು ಬಂದ ದೈತ್ಯನತ್ತ ಸಂತ ಮಾರ್ಟಿನ್ ಎಸೆದ ದೊಣ್ಣೆ ಬೆಟ್ಟವನ್ನೇ ತೂರಿಕೊಂಡು ಹೋಯಿತೆಂಬುದು ಊರವರ ಕಥೆ. ಮಾರ್ಚ್ ತಿಂಗಳ ನಡುಭಾಗಕ್ಕೆ ಸ್ವಲ್ಪ ಮೊದಲು ಮತ್ತು ಸೆಪ್ಟೆಂಬರ್ ಕೊನೆಯ ಆಸುಪಾಸಿನಲ್ಲಿ, ಬೆಳಗ್ಗೆ ಕೆಲವೇ ನಿಮಿಷ, ಬಿಸಿಲು ಆ ತೂತಿನಿಂದ ತೂರಿ ಚರ್ಚಿನ ಗೋಪುರದ ಮೇಲೆ ಬೀಳುತ್ತದೆ. ಮಾರ್ಚ್‌ನಲ್ಲಿ ಹೋದಾಗ ನನಗೆ ಸಿಕ್ಕಿದ್ದು ಮೋಡ ಮಾತ್ರ. ಸೆಪ್ಟೆಂಬರ್‌ನಲ್ಲಿ ಕಂಡಿತು: ಊರೆಲ್ಲ ನೆರಳಿನಲ್ಲಿರುವಾಗ ಗೋಪುರವೊಂದೇ ಹಳದಿಯಾಯಿತು.

ಯುದ್ಧ ಮತ್ತು ಆಡಳಿತಕ್ಕೆ ನಾನು ಒಂದೊಂದೇ ಪುಟ ಕೊಟ್ಟೆ. 1799ರ ಅಕ್ಟೋಬರ್ 5ರ ರಾತ್ರಿ ರಷ್ಯಾದ ಸೇನಾಪತಿ ಸೂವೊರೊವ್ ಇಲ್ಲಿ ತಂಗಿದ ಮನೆ ಈಗಲೂ ಇದೆ. ಫ್ರೆಂಚರು ಬೆನ್ನಟ್ಟಿದ್ದರಿಂದ ಅವನ ಸೇನೆ ಮರುದಿನ ಹಿಮ ಬಿದ್ದ ಪಾನಿಕ್ಸ್ ಘಾಟಿಯನ್ನು ಹತ್ತಿ ಬಹಳಷ್ಟು ಸೈನಿಕರನ್ನು ಕಳೆದುಕೊಂಡಿತು. ಆಡಳಿತದ ಮಾತಿಗೆ ಬಂದರೆ, ಗ್ಲಾರುಸ್‌ನ ಪ್ರಜೆಗಳು ಮೇ ತಿಂಗಳಲ್ಲಿ ಬಯಲಿನಲ್ಲಿ ಸೇರಿ ಕೈಯೆತ್ತಿ ಮತ ಹಾಕುವ ಪ್ರಾಂತ್ಯಸಭೆ 2006ರಲ್ಲಿ ತೆಗೆದುಕೊಂಡ ನಿರ್ಣಯದಂತೆ 25 ಪುರಸಭೆಗಳು ಮೂರಕ್ಕಿಳಿದವು. 2011ರ ಜನವರಿ 1ರಿಂದ ಎಲ್ಮ್ ಸ್ವತಂತ್ರ ಸ್ಥಳೀಯ ಆಡಳಿತವಾಗಿ ಉಳಿದಿಲ್ಲ, ಆ ಮೂರರಲ್ಲೊಂದಾದ ‘ಗ್ಲಾರುಸ್ ದಕ್ಷಿಣ’ ಎಂಬ ಪುರಸಭೆಯ ಒಂದು ಭಾಗವಾಗಿದೆ.

ಹತ್ತು ಪುಟ ಹದಿನಾಲ್ಕಾಯಿತು. ಕಳುಹಿಸಿದ ವಾರದಲ್ಲೇ ಭಾವ ಫೋನು ಮಾಡಿದರು. ಪುಟದ ಲೆಕ್ಕದ ಬಗ್ಗೆ ಅವರದು ತಕರಾರಿರಲಿಲ್ಲ. ನಾನು ಎಲ್ಲ ಕಡೆಯೂ ‘ಭೂಕುಸಿತ’ ಎಂದು ಬರೆದದ್ದು ಅವರಿಗೆ ಹಿಡಿಸಿರಲಿಲ್ಲ. “ಭೂಕುಸಿತ ಅಂದರೆ ನಮ್ಮ ಹುಡುಗರಿಗೆ ಪೇಪರಿನ ಸುದ್ದಿ ಮಾರಾಯ, ಗುಡ್ಡ ಜರಿಯಿತು ಅಂತ ಬರಿ, ಕಣ್ಣಿಗೆ ಕಟ್ಟುತ್ತದೆ” ಎಂದರು. ಆ ಸಂಜೆಯೇ ಕೂತು ಹತ್ತೊಂಬತ್ತು ಕಡೆ ತಿದ್ದಿದೆ.