ಮೊಣಕೈ ಒಳಬದಿಯ ನೋವು: ಕೈ ಕಟ್ಟಿಡಬೇಡಿ, ಅಳೆದು ಭಾರ ಕೊಡಿ

ದಿನವಿಡೀ ಕುಡುಗೋಲು ಹಿಡಿದು ತೊಗರಿ ಕೊಯ್ಯುವವರಿಗೆ, ಮನೆಮಂದಿಗೆಲ್ಲ ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯುವವರಿಗೆ, ಬೀದರಿನಲ್ಲಿ ಉಳಿ ಹಿಡಿದು ಬಿದರಿ ಕೆತ್ತುವವರಿಗೆ ಮೊಣಕೈ ಒಳಬದಿಯ ಎಲುಬಿನ ಹತ್ತಿರ ಒಂದೇ ಬಗೆಯ ನೋವು ಬರಬಹುದು. ಡಾಕ್ಟರು ಇದನ್ನು ಗಾಲ್ಫರ್ಸ್ ಎಲ್ಬೋ ಅನ್ನುತ್ತಾರೆ.

ಮಣಿಕಟ್ಟು ಮಡಚುವ, ಅಂಗೈಯನ್ನು ಕೆಳಮುಖ ಮಾಡುವ ಸ್ನಾಯುಗಳು ಆ ಎಲುಬಿಗೆ ಅಂಟಿಕೊಂಡಿವೆ. ಬಿಗಿಹಿಡಿತ ಪದೇಪದೇ ಬಿದ್ದರೆ ಅಂಟಿದ ಕಡೆಯ ರಜ್ಜುವಿನ (ಸ್ನಾಯುವನ್ನು ಎಲುಬಿಗೆ ಕಟ್ಟುವ ಹಗ್ಗದಂಥ ಭಾಗ) ಎಳೆಗಳು ಸವೆಯುತ್ತವೆ. ಬಹುಕಾಲದ ನೋವಿನಲ್ಲಿ ಉರಿಯೂತಕ್ಕಿಂತ ಈ ಸವೆತವೇ ಹೆಚ್ಚು. ಹಾಗಾಗಿ ಬರೀ ನೋವಿನ ಗುಳಿಗೆಯಿಂದ ವಾಸಿಯಾಗದು. ಪೂರ್ತಿ ವಿಶ್ರಾಂತಿಯೂ ಸಲ್ಲದು, ಕೆಲಸವಿಲ್ಲದ ರಜ್ಜು ಇನ್ನಷ್ಟು ಬಲಗುಂದುತ್ತದೆ.

ಗುರುತು ಹಿಡಿಯಲು ಮೊಣಕೈ ನೇರ ಮಾಡಿ, ಅಂಗೈ ಮೇಲೆ ಮಾಡಿ, ಇನ್ನೊಂದು ಕೈಯಿಂದ ತಡೆಯೊಡ್ಡಿ ಮಣಿಕಟ್ಟು ಮಡಚಿ. ಒಳಎಲುಬಿನ ತುಸು ಕೆಳಗೆ ಚುಚ್ಚಿದಂತೆ ನೋವಾದರೆ ಬಹುಪಾಲು ಇದೇ.

ಮೊದಲ ಎರಡು ವಾರ ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಮೇಲ್ಮುಖವಾಗಿ, ಮಣಿಕಟ್ಟು ಅಂಚಿನಿಂದ ಹೊರಗೆ ಬರುವಂತೆ ಕುಳಿತುಕೊಳ್ಳಿ. ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ಮಣಿಕಟ್ಟು ಅಲುಗಿಸದೆ 30ರಿಂದ 45 ಸೆಕೆಂಡು ನಿಲ್ಲಿಸಿ. ನಡುವೆ ಒಂದೆರಡು ನಿಮಿಷ ಬಿಟ್ಟು ದಿನಕ್ಕೆ 5 ಸಲ.

ಆಮೇಲೆ ಇನ್ನೊಂದು ಕೈಯಿಂದ ಬಾಟಲಿ ಮೇಲೆತ್ತಿ, ನೋವಿನ ಕೈಯಿಂದ ಎಣಿಸುತ್ತ 4 ಸೆಕೆಂಡಿನಲ್ಲಿ ಇಳಿಸಿ: 15ರಂತೆ 3 ಸುತ್ತು, ದಿನ ಬಿಟ್ಟು ದಿನ. ಸುಲಭವಾದಾಗ ಒಂದು ಲೀಟರಿಗೆ ಏರಿ. ಜೊತೆಗೆ ಸುತ್ತಿಗೆಯ ಹಿಡಿಯ ತುದಿ ಹಿಡಿದು, ಸುತ್ತಿಗೆಯ ತಲೆ ಮೇಲಕ್ಕೆ ನೆಟ್ಟಗಿರಿಸಿ, ನಿಧಾನ ಹೊರಕ್ಕೆ ವಾಲಿಸಿ ಮತ್ತೆ ನೆಟ್ಟಗೆ ತನ್ನಿ, 10 ಸಲ. ನೋವನ್ನು ಹತ್ತಕ್ಕೆ ಅಳೆದರೆ ಮೂರರಷ್ಟು ಸಹಜ. ಮರುದಿನ ಬೆಳಿಗ್ಗೆಯೂ ನೋವು ಹೆಚ್ಚಿದ್ದರೆ ಭಾರ ಇಳಿಸಿ. ಫಲ ಕಾಣಲು 6ರಿಂದ 12 ವಾರ ಬೇಕು. ಮೂರನೇ ವಾರಕ್ಕೆ ಬಿಟ್ಟುಬಿಡುವುದೇ ದೊಡ್ಡ ತಪ್ಪು.

ಕೆಲಸದ ರೀತಿಯೂ ಬದಲಾಗಬೇಕು. ಮೊಂಡು ಕುಡುಗೋಲಿಗೆ ಹೆಚ್ಚು ಬಲ ಬೇಕು, ಮಸೆದಿಡಿ. ಹಿಡಿ ಸಣ್ಣದಿದ್ದರೆ ಹಳೆಯ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿ. ಹಿಟ್ಟನ್ನು ಎರಡೆರಡು ರೊಟ್ಟಿಯಷ್ಟೇ ನಾದಿ, ಮಣಿಕಟ್ಟು ನೇರವಿಟ್ಟು ಭುಜದ ಭಾರ ಹಾಕಿ. ಒದ್ದೆ ಬಟ್ಟೆ ಹಿಂಡುವುದನ್ನು ಕೆಲ ವಾರ ಮನೆಯ ಬೇರೆಯವರಿಗೆ ಬಿಡಿ.

ಜೋರಾಗಿ ಎಣ್ಣೆ ತಿಕ್ಕಿಸಬೇಡಿ: ಆ ಎಲುಬಿನ ಹಿಂದೆಯೇ ಕಿರುಬೆರಳಿಗೆ ಹೋಗುವ ನರವಿದೆ. ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ನೋವು ತಗ್ಗಿಸುತ್ತದೆ, ಪದೇಪದೇ ಚುಚ್ಚಿಸಿಕೊಂಡರೆ ರಜ್ಜು ದುರ್ಬಲವಾಗುತ್ತದೆ.

ಕಿರುಬೆರಳು, ಉಂಗುರಬೆರಳು ಜೋಮು ಹಿಡಿದರೆ, ಟಪ್ ಎಂದು ಸದ್ದಾಗಿ ಕೈ ಕಪ್ಪಿಟ್ಟರೆ, ಕೀಲು ಊದಿ ಜ್ವರ ಬಂದರೆ ಜಿಲ್ಲಾ ಆಸ್ಪತ್ರೆಯ ಮೂಳೆ ವಿಭಾಗಕ್ಕೆ ಹೋಗಿ. ಕೈನೋವಿನ ಜೊತೆ ಎದೆ ಬಿಗಿತ, ಬೆವರು ಇದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ.