ಕಿಕ್‌ಡೌನ್ ಕೈಕೊಟ್ಟಾಗ ಗೇರ್‌ಬಾಕ್ಸ್ ಇಳಿಸುವ ಮೊದಲು ನಾನು ನೋಡಿದ್ದು

ಓವರ್‌ಟೇಕ್ ಮಾಡೋಣ ಅಂತ ಆಕ್ಸಿಲರೇಟರನ್ನು ಪೂರ್ತಿ ಒತ್ತಿದೆ. ಹೀಗೆ ಪೂರ್ತಿ ಒತ್ತಿದಾಗ ಆಟೋಮ್ಯಾಟಿಕ್ ಕಾರು ತಾನಾಗಿಯೇ ಕೆಳಗಿನ ಗೇರಿಗೆ ಇಳಿದು ಮುನ್ನುಗ್ಗಬೇಕು, ಅದಕ್ಕೇ ಕಿಕ್‌ಡೌನ್ ಅನ್ನೋದು. ಆದರೆ ಇಂಜಿನ್ ಸದ್ದು ಸ್ವಲ್ಪ ದಪ್ಪಗಾಯಿತು, ಅಷ್ಟೇ. ಕಾರು ಅದೇ ನಾಲ್ಕನೇ ಗೇರಿನಲ್ಲಿ ಏದುಸಿರು ಬಿಡುತ್ತಾ ಹೋಗುತ್ತಿತ್ತು. ಎದುರಿಗೆ ಲಾರಿ ಬರುತ್ತಿತ್ತು, ಬ್ರೇಕ್ ಒತ್ತಿ ವಾಪಸ್ ನನ್ನ ಸಾಲಿಗೆ ಸೇರಿಕೊಂಡೆ. ಇದು ಸರಿಹೋಗುವ ತನಕ ಈ ಕಾರಿನಲ್ಲಿ ಯಾರನ್ನೂ ಹಿಂದೆ ಹಾಕೋದು ಬೇಡ ಅಂತ ಅವತ್ತೇ ತೀರ್ಮಾನ ಮಾಡಿದೆ.

ಕಾರು ಹಳೆಯದು. ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಕಂಪ್ಯೂಟರ್ ಇಲ್ಲ, ಆಯಿಲ್ ಒತ್ತಡದಿಂದಲೇ ಗೇರ್ ಬದಲಾಗುತ್ತದೆ. ತೋರಿಸಿದ ಗ್ಯಾರೇಜಿನಲ್ಲಿ ಎರಡು ನಿಮಿಷ ಓಡಿಸಿ ನೋಡಿ, "ಗೇರ್‌ಬಾಕ್ಸ್ ಇಳಿಸಲೇಬೇಕು ಸಾರ್" ಅಂದರು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಯಾಕೆಂದರೆ ಒಂದರಿಂದ ನಾಲ್ಕರ ತನಕ ಗೇರ್ ನಯವಾಗಿ ಏರುತ್ತಿತ್ತು. ಲಿವರನ್ನು ಕೈಯಿಂದಲೇ 3ಕ್ಕೆ ಎಳೆದರೆ ತಕ್ಷಣ ಗೇರ್ ಇಳಿದು ಕಾರು ಮುನ್ನುಗ್ಗುತ್ತಿತ್ತು. ಅಂದರೆ ಒಳಗೆ ಗೇರುಗಳನ್ನು ಹಿಡಿದು ಬಿಡುವ ಕ್ಲಚ್, ಬ್ಯಾಂಡ್ ಕೆಲಸ ಮಾಡುತ್ತಿವೆ, ಕಾಲು ಹೇಳಿದ್ದು ಮಾತ್ರ ಗೇರ್‌ಬಾಕ್ಸ್‌ಗೆ ತಲುಪುತ್ತಿಲ್ಲ ಅಂತಾಯಿತು ಅಲ್ವಾ? ನಿಮ್ಮ ಕಾರಿಗೂ ಇದೇ ತೊಂದರೆ ಇದ್ದರೆ ಮೊದಲು ಈ ಪರೀಕ್ಷೆ ಮಾಡಿ. ಕಾಸು ಖರ್ಚಿಲ್ಲ.

ಕಾಲಿನ ಮಾತು ಗೇರ್‌ಬಾಕ್ಸ್‌ಗೆ ಹೋಗುವ ದಾರಿ ಒಂದೊಂದು ಕಾರಿನಲ್ಲಿ ಒಂದೊಂದು ಥರ. ಫೋರ್ಡ್‌ನ ಸಿ4 ಅನ್ನುವ ಗೇರ್‌ಬಾಕ್ಸ್‌ನಲ್ಲಿ ಅದು ಒಂದು ರಾಡ್. ಜಿಎಂ (ಜನರಲ್ ಮೋಟರ್ಸ್) ಕಂಪನಿಯ ಟರ್ಬೊ 350ರಲ್ಲಿ ಕೇಬಲ್. 1964ರಲ್ಲಿ ಬಂದ ಟರ್ಬೊ 400ರಲ್ಲಿ ಸ್ವಿಚ್ಚು, ವೈರು, ಸೊಲೆನಾಯ್ಡ್ (ಕರೆಂಟ್ ಕೊಟ್ಟರೆ ಆಯಿಲ್ ದಾರಿಯ ವಾಲ್ವ್ ಎಳೆಯುವ ವಿದ್ಯುತ್ ಅಯಸ್ಕಾಂತ). ನನ್ನದೂ ಸ್ವಿಚ್ಚಿನ ಜಾತಿಯೇ: ಪೆಡಲ್ ಅಡಿಯಲ್ಲಿ ಸ್ವಿಚ್ಚು, ಗೇರ್‌ಬಾಕ್ಸ್‌ನಲ್ಲಿ ಸೊಲೆನಾಯ್ಡ್.

ಆಯಿಲ್ ಮೊದಲು ನೋಡಿದೆ. ಕಾರು ಬಿಸಿಯಾದ ಮೇಲೆ, ಸಮತಟ್ಟು ಜಾಗದಲ್ಲಿ, ಇಂಜಿನ್ ಓಡುತ್ತಿರುವಾಗಲೇ ಡಿಪ್‌ಸ್ಟಿಕ್ ತೆಗೆದು ನೋಡಬೇಕು (ಹೆಚ್ಚಿನ ಕಾರುಗಳಲ್ಲಿ ಹೀಗೆ, ನಿಮ್ಮ ಮ್ಯಾನ್ಯುಯಲ್ ಒಂದು ಸಲ ನೋಡಿಕೊಳ್ಳಿ). ಬಿಳಿ ಕಾಗದಕ್ಕೆ ಒರೆಸಿದೆ. ಕೆಂಪಗಿತ್ತು, ಸುಟ್ಟ ವಾಸನೆ ಇರಲಿಲ್ಲ, ಮಟ್ಟವೂ ಸರಿಯಿತ್ತು.

ಆಮೇಲೆ ಮಗಳನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಇಂಜಿನ್ ಆಫ್ ಮಾಡಿ, ಬಾನೆಟ್ ಎತ್ತಿದೆ. "ಪೂರ್ತಿ ಒತ್ತು" ಅಂದೆ. "ಪೂರ್ತಿ ಒತ್ತಿದೀನಿ ಅಪ್ಪಾ" ಅಂದಳು. ಆದರೆ ಇಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಲಿವರ್ ಕೊನೆಯ ಸ್ಟಾಪರ್ ಮುಟ್ಟುವುದಕ್ಕೆ ಇನ್ನೂ ಮೂರು ಮಿಲಿಮೀಟರ್ ಬಾಕಿ ಇತ್ತು! ನೋಡಿದರೆ ಪೆಡಲ್ ಕೆಳಗೆ ಒಂದರ ಮೇಲೊಂದು ಎರಡು ಮ್ಯಾಟ್. ಮೇಲಿನದನ್ನು ತೆಗೆದೆ. ಪೆಡಲ್‌ನಿಂದ ಥ್ರಾಟಲ್‌ಗೆ ಹೋಗುವ ಲಿಂಕೇಜಿನ ಒಂದು ಪ್ಲಾಸ್ಟಿಕ್ ಬುಷ್ ಸವೆದು ಲಡಲಡ ಅನ್ನುತ್ತಿತ್ತು, ಅದನ್ನೂ ಬದಲಾಯಿಸಿದೆ. ಲಿವರ್ ಸ್ಟಾಪರ್ ಮುಟ್ಟಿತು, ಕಾರಿನ ಎಳೆತವೂ ಸ್ವಲ್ಪ ಸುಧಾರಿಸಿತು. ಕಿಕ್‌ಡೌನ್ ಮಾತ್ರ ಬರಲಿಲ್ಲ.

ಉಳಿದಿದ್ದು ಕರೆಂಟಿನ ದಾರಿ. ಇಂಜಿನ್ ಆಫ್, ಕೀ ಆನ್. ಪೆಡಲ್ ತಳ ಮುಟ್ಟಿದಾಗ ಗೇರ್‌ಬಾಕ್ಸ್ ಕಡೆಯಿಂದ ಟಕ್ ಅಂತ ಸದ್ದು ಬರಬೇಕು. ಬರಲಿಲ್ಲ. ಫ್ಯೂಸ್ ಚೆನ್ನಾಗಿತ್ತು. ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಚಕ್ರಕ್ಕೆ ಅಡ್ಡ ಕೊಟ್ಟು, ಸೈಲೆನ್ಸರ್ ತಣ್ಣಗಾದ ಮೇಲೆ ಕೆಳಗೆ ಹೋದೆ. ಬರೀ ಜಾಕ್ ನಂಬಿ ಯಾರೂ ಕಾರಿನ ಕೆಳಗೆ ಹೋಗಬೇಡಿ.

ಸೊಲೆನಾಯ್ಡ್‌ನ ಕನೆಕ್ಟರ್ ಬಿಚ್ಚಿ, ಮಗಳಿಗೆ ಪೆಡಲ್ ಒತ್ತಲು ಹೇಳಿ ಮೀಟರ್ ಹಿಡಿದೆ. 12 ವೋಲ್ಟ್ ಚೆನ್ನಾಗಿಯೇ ತೋರಿಸಿತು. ಹಾಗಾದರೆ ಸೊಲೆನಾಯ್ಡೇ ಹೋಗಿದೆ ಅಂದುಕೊಂಡು, ಬ್ಯಾಟರಿಯಿಂದ ಫ್ಯೂಸ್ ಹಾಕಿದ ವೈರಿನಲ್ಲಿ ಅದಕ್ಕೆ ನೇರ ಕರೆಂಟ್ ಕೊಟ್ಟೆ. ಟಕ್! ಸೊಲೆನಾಯ್ಡ್ ಸರಿಯಿದೆ, ವೋಲ್ಟೇಜೂ ಬರುತ್ತಿದೆ, ಆದರೂ ಕೆಲಸ ಮಾಡುತ್ತಿಲ್ಲ. ಇಲ್ಲೇ ನಾನು ಅರ್ಧ ದಿನ ಕಳೆದೆ. ಆಮೇಲೆ ಹೊಳೆಯಿತು, ನಾನು ಅಳೆದದ್ದು ಲೋಡ್ ಇಲ್ಲದ, ಅಂದರೆ ಸೊಲೆನಾಯ್ಡ್ ಕರೆಂಟ್ ಎಳೆಯದಿರುವಾಗಿನ ವೋಲ್ಟೇಜ್. ಮೀಟರ್ ಎಳೆಯುವ ಕರೆಂಟ್ ಏನೂ ಇಲ್ಲ ಅನ್ನುವಷ್ಟು ಕಡಿಮೆ, ಹಾಗಾಗಿ ಕೆಟ್ಟ ಕಾಂಟ್ಯಾಕ್ಟ್ ಮೂಲಕವೂ ಪೂರ್ತಿ ವೋಲ್ಟೇಜ್ ಕಾಣಿಸುತ್ತದೆ. ಕನೆಕ್ಟರ್ ಸಿಕ್ಕಿಸಿ ಅದರ ಹಿಂಬದಿಯಿಂದ ಅಳೆದೆ. ಪೆಡಲ್ ಒತ್ತಿದಾಗ ಬರೀ 5 ವೋಲ್ಟ್! ಉಳಿದ 7 ವೋಲ್ಟ್ ಎಲ್ಲಿ ಹೋಯಿತು? ಮೀಟರಿನ ಎರಡು ಮುಳ್ಳುಗಳನ್ನು ಪೆಡಲ್ ಸ್ವಿಚ್ಚಿನ ಎರಡು ಕಡೆಗೆ ಇಟ್ಟೆ. ಒತ್ತಿದ ಸ್ವಿಚ್ಚಿನಲ್ಲಿ ಹೆಚ್ಚುಕಡಿಮೆ ಸೊನ್ನೆ ಬರಬೇಕು. ಏಳು ಪೂರ್ತಿ ಅಲ್ಲೇ ಸಿಕ್ಕಿತು.

ಸ್ವಿಚ್ ಬಿಚ್ಚಿದೆ. ತಾಮ್ರದ ಬಿಂದುಗಳು ಕಪ್ಪಾಗಿದ್ದವು, ಒಂದು ಟರ್ಮಿನಲ್ ಮೇಲೆ ಹಸಿರು ಕಿಲುಬು ಹಿಡಿದಿತ್ತು. ಒದ್ದೆ ಚಪ್ಪಲಿಯ ನೀರು ಕಾರ್ಪೆಟ್ ಕೆಳಗೆ ಇಳಿದು ವರ್ಷಗಟ್ಟಲೆ ನಿಂತಿದ್ದರಿಂದ ಹೀಗಾಗಿರಬೇಕು. ನಯವಾದ ಉಜ್ಜುಕಾಗದದಿಂದ ಉಜ್ಜಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಮತ್ತೆ ಹಾಕಿದೆ. ನಾನು ಕೆಳಗಿಂದ ಕೇಳುವ ಮೊದಲೇ ಮಗಳು, "ಅಪ್ಪಾ, ಟಕ್ ಅಂತು, ನಂಗೂ ಕೇಳಿಸ್ತು" ಅಂತ ಕೂಗಿದಳು. ಉಜ್ಜಿದ ಬಿಂದು ಜಾಸ್ತಿ ದಿನ ಬಾಳುವುದಿಲ್ಲ, ಹಾಗಾಗಿ ಮುಂದಿನ ವಾರ ಹೊಸ ಸ್ವಿಚ್ಚನ್ನೇ ಹಾಕಿದೆ.

ನಿಮ್ಮದು ಕೇಬಲ್ ಇರುವ ಗೇರ್‌ಬಾಕ್ಸ್ ಆದರೆ ಒಂದು ಮಾತು. ಜಿಎಂ 700ಆರ್4 ಥರದವುಗಳಲ್ಲಿ ಆ ಕೇಬಲ್ ಕಿಕ್‌ಡೌನ್ ಒಂದನ್ನೇ ಅಲ್ಲ, ಒಳಗಿನ ಆಯಿಲ್ ಒತ್ತಡವನ್ನೂ ನಿರ್ಧರಿಸುತ್ತದೆ. ಸಡಿಲ ಬಿಟ್ಟು ಓಡಿಸಿದರೆ ಕ್ಲಚ್ ಸುಟ್ಟುಹೋಗುತ್ತದೆ. ಸುಮ್ನೆ ಅಂದಾಜಿನಲ್ಲಿ ತಿರುಗಿಸಬೇಡಿ, ಮೊದಲು ಇದ್ದ ಜಾಗಕ್ಕೆ ಗುರುತು ಹಾಕಿ, ಮ್ಯಾನ್ಯುಯಲ್‌ನಲ್ಲಿ ಹೇಳಿದ ಕ್ರಮದಲ್ಲೇ ಹೊಂದಿಸಿ.

ಖಾಲಿ ರಸ್ತೆಯಲ್ಲಿ 60 ಕಿಲೋಮೀಟರ್ ವೇಗದಲ್ಲಿ ಪೆಡಲ್ ಒತ್ತಿದೆ. ಕಾಲಿಗೆ ಸ್ವಿಚ್ಚಿನ ಗಟ್ಟಿ ಸಿಕ್ಕಿತು, ಇನ್ನೊಂಚೂರು ಒತ್ತಿದೆ, ಗೇರ್ ಇಳಿದು ಬೆನ್ನು ಸೀಟಿಗೆ ಅಂಟಿಕೊಂಡಿತು. ತುಂಬಾ ಜೋರಾಗಿ ಹೋಗುವಾಗ ಒತ್ತಿದರೆ ಇಳಿಯುವುದಿಲ್ಲ, ಅದು ತೊಂದರೆ ಅಲ್ಲ, ಇಂಜಿನ್ ಮಿತಿ ಮೀರಿ ತಿರುಗದಂತೆ ಗೇರ್‌ಬಾಕ್ಸ್‌ನ ಗವರ್ನರ್ (ಕಾರಿನ ವೇಗಕ್ಕೆ ತಕ್ಕಂತೆ ಆಯಿಲ್ ಒತ್ತಡ ಬದಲಿಸುವ ಭಾಗ) ತಡೆಯುತ್ತದೆ. ಈಗ ಎರಡರಿಂದ ಮೂರಕ್ಕೆ ಹೋಗುವಾಗ ಸಣ್ಣ ಜರ್ಕ್ ಒಂದು ಉಳಿದಿದೆ. ಇಂಜಿನ್ ಮೇಲಿನ ಭಾರಕ್ಕೆ ತಕ್ಕಂತೆ ಗೇರ್ ಬದಲಾವಣೆ ಹೊಂದಿಸುವ ಮಾಡ್ಯುಲೇಟರ್‌ಗೆ ಹೋಗುವ ವ್ಯಾಕ್ಯೂಮ್ ಪೈಪು ಗಟ್ಟಿಯಾಗಿ ಬಿರುಕು ಬಿಟ್ಟಿರುವುದು ಕಣ್ಣಿಗೆ ಬಿದ್ದಿದೆ, ಈ ಭಾನುವಾರ ಅದನ್ನು ಬದಲಾಯಿಸುತ್ತೇನೆ.